ಕೊಟ್ಟಿಗೆಯ ಗರಿಷ್ಠ ಮಟ್ಟ

ಮಂಡ್ಯ ಜಿಲ್ಲೆಯವನಾದ ನಾನು ಬೆಳಗ್ಗೆ ಪೇಪರು ಬಿಡಿಸಿದರೆ ಮೊದಲು ನೋಡುವುದು ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ ಎಂಬುದನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಮ್ಮನೆ ಕೊಟ್ಟಿಗೆಯ ಎತ್ತರ ಎಷ್ಟು ಅಡಿ ಅಂತ ಕೇಳಿದ್ದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದೆ. ಈ ಅಜ್ಞಾನಕ್ಕೆ ತೆತ್ತ ದುಡ್ಡು ಎಷ್ಟೆಂದು ಮನೆಯಲ್ಲಿ ಇನ್ನೂ ಪೂರ್ತಿ ಬಾಯಿಬಿಟ್ಟಿಲ್ಲ. ಅರ್ಧ ಹೇಳಿದ್ದಕ್ಕೇ ಎರಡು ದಿನ ಬಸ್ಸಾರಿಗೆ ಉಪ್ಪು ಬೀಳಲಿಲ್ಲ.

ಹಸುಗಳನ್ನು ಮಾರಿದ ಮೇಲೆ ಕೊಟ್ಟಿಗೆಯಲ್ಲಿ ನನ್ನ 1998ರ ಮಾರುತಿ 800 ನಿಲ್ಲುತ್ತಿತ್ತು. ಅದರ ಆಯಿಲ್ಲನ್ನು ನಾನೇ ಬದಲಿಸುತ್ತೇನೆ ಎಂಬುದು ನನಗಿದ್ದ ಒಂದೇ ಒಂದು ಹೆಮ್ಮೆ. ಹೋದ ಸಲ ಜಾಕು ಕೊಟ್ಟು, ಗೋಣಿಚೀಲ ಹಾಸಿ ಕಾರಿನಡಿ ತೆವಳಿದವನಿಗೆ ಸೊಂಟ ಹಿಡಿದುಕೊಂಡಿತು. ಕೂಗಿದ ಕೂಗಿಗೆ ಅವ್ವ ಓಡಿ ಬಂದು ಎರಡೂ ಕಾಲು ಹಿಡಿದು ಎಳೆದಳು. ಎಳೆದು ಹಾಕಿ, ಸೆರಗಲ್ಲಿ ಮುಖ ಒರೆಸಿಕೊಂಡು, "ಈ ಕೊಟ್ಟಿಗೇಲಿ ಕರ ಎಳ್ದು ಬಾಳ ದಿನ ಆಗಿತ್ತು ಕಣ್ಲಾ" ಅಂದಳು.

ಅವತ್ತೇ ತೀರ್ಮಾನಿಸಿದೆ, ಇನ್ನು ತೆವಳುವುದಿಲ್ಲ ಅಂತ. ಲಾರಿ ವರ್ಕ್‌ಶಾಪಿನವರ ಹಾಗೆ ಗುಂಡಿ ತೋಡಿಸಬಹುದಿತ್ತು. ಆದರೆ ನಮ್ಮದು ವಿಶ್ವೇಶ್ವರಯ್ಯ ನಾಲೆ ಬಯಲು. ನೀರು ಬಿಟ್ಟ ತಿಂಗಳಲ್ಲಿ ನಾಲ್ಕಡಿ ತೋಡಿದರೆ ಮೆಕ್ಯಾನಿಕ್ಕಿಗಿಂತ ಮೊದಲು ಕಪ್ಪೆ ಇಳಿದಿರುತ್ತದೆ. ಹಾಗಾಗಿ ಲಿಫ್ಟು.

ಹದಿನೈದು ರಾತ್ರಿ ವಿಡಿಯೊ ನೋಡಿ ಪಂಡಿತನಾದೆ. ಕತ್ತರಿ ಲಿಫ್ಟು ಕಾರಿನ ಹೊಟ್ಟೆಯಡಿಯೇ ನಿಂತುಕೊಳ್ಳುತ್ತದೆ, ನಮಗೆ ಕೆಲಸ ಇರುವುದೂ ಅಲ್ಲೇ. ನಾಲ್ಕು ಕಂಬದ್ದರಲ್ಲಿ ಚಕ್ರಗಳು ಹಲಗೆಯ ಮೇಲೆ ಕೂರುವುದರಿಂದ ಅವನ್ನು ಬಿಚ್ಚಲು ಮತ್ತೊಂದು ಜಾಕು ಬೇಕು. ಎರಡು ಕಂಬದ್ದಾದರೆ ತೋಳು ಚಾಚಿ ಕಾರನ್ನು ಕಂಕುಳಿಗೆ ಕೈ ಕೊಟ್ಟಂತೆ ಎತ್ತುತ್ತದೆ, ಚಕ್ರಗಳು ತೂಗಾಡುತ್ತಿರುತ್ತವೆ. ಅದರಲ್ಲೂ ಎರಡು ಜಾತಿ. ಕಂಬ ಗಿಡ್ಡ ಬೇಕೆಂದರೆ ಅಡ್ಡಪಟ್ಟಿ ನೆಲದ ಮೇಲೆ ಹಾಯುತ್ತದೆ. ಎಡವಿ ಬಿದ್ದೇನು ಎಂಬ ಮುಂದಾಲೋಚನೆಯಿಂದ ಅಡ್ಡಪಟ್ಟಿ ತಲೆಯ ಮೇಲಿರುವುದನ್ನೇ ಆರಿಸಿದೆ. ಎತ್ತರ 12 ಅಡಿ, ತಾಕತ್ತು 4 ಟನ್. ನನ್ನ ಕಾರಿನ ತೂಕ ಸುಮಾರು 650 ಕಿಲೋ. ಇನ್ನೂ ಐದು ಮಾರುತಿಗೆ ಜಾಗವಿದೆಯೆಂದು ಹೆಂಡತಿಗೆ ಲಾಭದ ಲೆಕ್ಕ ಒಪ್ಪಿಸಿದೆ.

ಲಿಫ್ಟು ಬೆಂಗಳೂರಿನಿಂದ ಹೊರಟಿತು. ಎಕ್ಸ್‌ಪ್ರೆಸ್‌ವೇ ನಮ್ಮ ಮದ್ದೂರನ್ನು ಮುಟ್ಟದೆ ಹೋಗುತ್ತದಲ್ಲ, ಕ್ಯಾಂಟರಿನ ಡ್ರೈವರಿಗೆ ಇಳಿಯುವ ಜಾಗ ತಪ್ಪಿ ಮಂಡ್ಯ ನೋಡಿಕೊಂಡು ವಾಪಸು ಬಂದ. ಲಿಫ್ಟು ಕೂರಿಸಲು ಬಂದ ಹುಡುಗರಿಗೆ ವಡೆ ಕೊಡಿಸಿದೆ. (ಮದ್ದೂರಿನ ಬಗ್ಗೆ ಬರೆದ ಮೇಲೆ ವಡೆ ಬರಲೇಬೇಕು, ಬಂತು, ಮುಗಿಯಿತು.) ಕೈ ಒರೆಸಿಕೊಂಡು ನೆಲಕ್ಕೆ ಡ್ರಿಲ್ ಇಟ್ಟರು. ಎರಡಿಂಚು ಕೊರೆಯಿತು, ಆಮೇಲೆ ಬೆಣ್ಣೆಗೆ ಕಡ್ಡಿ ಚುಚ್ಚಿದಂತೆ ಇಳಿದೇ ಹೋಯಿತು. ಸಿಮೆಂಟಿನಡಿ ನಮ್ಮ ತಾತನ ಕಾಲದ ಸಗಣಿಮಣ್ಣು! ಕಾರಿನ ಭಾರವೆಲ್ಲ ಕಂಬವನ್ನು ಮುಂದಕ್ಕೆ ಎಳೆಯುತ್ತದೆ, ಹಿಡಿದು ನಿಲ್ಲಿಸುವುದು ಬುಡದ ಬೋಲ್ಟುಗಳು, ಬೋಲ್ಟಿಗೆ ಕಚ್ಚಲು ಗಟ್ಟಿ ಕಾಂಕ್ರೀಟು ಬೇಕು ಎಂದು ಪಾಠ ಹೇಳಿ ಹುಡುಗರು ಬೆಂಗಳೂರಿಗೆ ನಡೆದರು.

ನೆಲ ಒಡೆಸಿ, ಕಬ್ಬಿಣ ಕಟ್ಟಿಸಿ, ಎಂಟಿಂಚು ಕಾಂಕ್ರೀಟು ಹಾಕಿಸಿದೆ. 28 ದಿನ ಕ್ಯೂರಿಂಗ್. ಮೇಸ್ತ್ರಿಯ ಮಾತಿನಂತೆ ಹುಲ್ಲು ಹರಡಿ ನೀರು ಹೊಡೆದರೆ, ಪಕ್ಕದ ಮನೆ ಎಮ್ಮೆ ದಿನಾ ಬಂದು ಕ್ಯೂರಿಂಗನ್ನೇ ಮೇಯತೊಡಗಿತು. "ಈಗ ನೋಡು, ಕೊಟ್ಟಿಗೆಗೆ ಕಳೆ ಬಂತು" ಎಂದು ಅವ್ವ ಅದಕ್ಕೆ ಕಲಗಚ್ಚನ್ನೂ ಇಡುತ್ತಿದ್ದಳು.

29ನೇ ದಿನ ಕಂಬ ನಿಲ್ಲಿಸುವಾಗ ಗೊತ್ತಾಯಿತು, ಕೊಟ್ಟಿಗೆಯ ನಡುವೆ ಎತ್ತರ ಹತ್ತಡಿ. ಹೆಂಚು ತೆಗೆದು ಕಂಬಗಳನ್ನು ಸೂರಿನಾಚೆ ಬಿಟ್ಟು, ಮೇಲೆ ನೀಲಿ ಟಾರ್ಪಾಲು ಕಟ್ಟಿದೆವು. ಊರವರು ಒಬ್ಬೊಬ್ಬರಾಗಿ ಬಂದು, "ಟವರ್‌ಗೆ ಕಂಪ್ನಿಯೋರು ತಿಂಗ್ಳಿಗೆ ಎಷ್ಟ್ ಬಾಡಿಗೆ ಕೊಡ್ತಾರೆ?" ಅಂತ ವಿಚಾರಿಸಿಕೊಂಡು ಹೋದರು. ಒಬ್ಬರಂತೂ, ನಿಮ್ಮ ಟವರು ಬಂದ ಮೇಲೂ ನಮ್ಮನೇಲಿ ಸಿಗ್ನಲ್ ಇಲ್ಲವೆಂದು ಜಗಳಕ್ಕೇ ಬಂದರು.

ಕಂಬವೇನೋ ಸೂರು ದಾಟಿತು, ಕಾರು ದಾಟಬೇಕಲ್ಲ! ನಾಲ್ಕೂವರೆ ಅಡಿ ಏರುವಷ್ಟರಲ್ಲಿ ಅದರ ನೆತ್ತಿ ತೊಲೆಗೆ ತಾಗುತ್ತಿತ್ತು. ಕಂಬಕ್ಕೆ ಬಳಪದಲ್ಲಿ ಗೆರೆ ಎಳೆದು 'ಗರಿಷ್ಠ ಮಟ್ಟ' ಎಂದು ಬರೆದೆ. ಐದೂವರೆ ಅಡಿಯ ನಾನು ಅದರಡಿ ನಿಲ್ಲುವ ಹಾಗಿರಲಿಲ್ಲ. ಹಾಲು ಕರೆಯುವ ಹಳೆಯ ಮಣೆ ಹುಡುಕಿ ತಂದು ಕುಳಿತೆ.

ಒಂದು ದಿನ ಮಳವಳ್ಳಿಯಲ್ಲಿ ಹೆಂಡತಿಯ ಕಡೆಯ ಮದುವೆ, ಹನ್ನೆರಡಕ್ಕೆ ಮುಹೂರ್ತ. ಹೊರಡುವ ಮುಂಚೆ ಆಯಿಲ್ ಬದಲಿಸಿಬಿಡೋಣವೆಂದು ಒಂಬತ್ತೂಮುಕ್ಕಾಲಿಗೆ ಕಾರನ್ನು ಎತ್ತಿ, ಲಿಫ್ಟಿನ ಪುಸ್ತಕದಲ್ಲಿ ಬರೆದಂತೆಯೇ ಕಂಬದ ಕೊಂಡಿಯ ಮೇಲೆ ಕೂರಿಸಿದೆ. ಜೀವನದಲ್ಲಿ ನಾನು ಪಾಲಿಸಿದ ಒಂದೇ ಸೂಚನೆ ಅದು. ಮಣೆಯ ಮೇಲೆ ಕುಳಿತು, ಬಕೆಟ್ಟು ಇಟ್ಟು, ನಟ್ಟು ಬಿಚ್ಚಿದೆ. ಕರ್ರಗೆ ಸೊರಸೊರನೆ ಇಳಿಯಿತು. "ಎಷ್ಟ್ ಸೇರು ಕೊಡ್ತದ್ಲಾ?" ಅಂದಳು ಅವ್ವ.

ನಟ್ಟು ಮತ್ತೆ ಬಿಗಿದು, ಹೊಸ ಆಯಿಲ್ ಡಬ್ಬ ಹಿಡಿದು ಏಣಿ ಹತ್ತಿದೆ. ಆಯಿಲ್ ಸುರಿಯುವುದು ಬಾನೆಟ್ಟಿನೊಳಗೆ. ಬಾನೆಟ್ಟು ನಾಲ್ಕು ಬೆರಳು ತೆರೆದು ಹೆಂಚಿಗೆ ಬಡಿದು ನಿಂತಿತು. ಕಾರನ್ನು ಇಳಿಸಿಯೇ ಸುರಿಯಬೇಕು. ಇಳಿಸಬೇಕಾದರೆ ಮೊದಲು ಒಂದಿಷ್ಟು ಎತ್ತಿ ಕೊಂಡಿ ಬಿಡಿಸಬೇಕು. ಎತ್ತಲು ಕರೆಂಟು ಬೇಕು. ಗುಂಡಿ ಒತ್ತಿದೆ. ಇನ್ನೊಮ್ಮೆ ಒತ್ತಿದೆ.

ಹತ್ತು ಗಂಟೆಯಾಗಿತ್ತು. ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪೇಪರನ್ನು ನನ್ನ ಮುಖಕ್ಕೆ ಹಿಡಿದಳು. ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ, ಪಟ್ಟಿಯಲ್ಲಿ ನಮ್ಮೂರು. ಕೆಆರ್‌ಎಸ್ ಮಟ್ಟದ ನೇರ ಕೆಳಗೇ ಅಚ್ಚಾಗಿತ್ತು.

ಅವಳು ಬಸ್‌ಸ್ಟ್ಯಾಂಡಿಗೆ ನಡೆದಳು. ಮಗ ಮಾತ್ರ ಉಳಿದುಕೊಂಡ. ಬಳಪದ ಗೆರೆ ನೋಡಿದ, ಬಕೆಟ್ಟಿನೊಳಗೆ ಬಗ್ಗಿ ನೋಡಿದ, ಆಮೇಲೆ ರೇಡಿಯೊದವರ ದನಿಯಲ್ಲಿ ಓದಿದ: "ಇಂದಿನ ಮಟ್ಟ ನಾಲ್ಕೂವರೆ ಅಡಿ. ಹೊರಹರಿವು ಸುಮಾರು ಮೂರು ಲೀಟರ್. ಒಳಹರಿವು ಸೊನ್ನೆ."