ವಾಯು ಮಾವ

ಬೆಸಗರಹಳ್ಳಿಯ ಟೀ ಅಂಗಡಿ ಬೆಂಚಿನಲ್ಲಿ ಬೆಳಗ್ಗೆ ಏಳಕ್ಕೆಲ್ಲ ವಾಯು ಮಾವನ ಓಪಿಡಿ ಶುರು. ಫೀಸು ಅರ್ಧ ಟೀ. ಲೋಕದಲ್ಲಿ ಎಷ್ಟೇ ಕಾಯಿಲೆಗಳಿರಲಿ, ಮಾವನ ಹತ್ತಿರ ಇರುವುದು ಎರಡೇ: ವಾಯು, ಇಲ್ಲವೇ ಉಷ್ಣ. ಎರಡೂ ಹೊಂದದಿದ್ದರೆ ದೃಷ್ಟಿ.

ಊರಿನ ಹೆಸರು ಹೊತ್ತ ಕಥೆಗಾರ ಬೆಸಗರಹಳ್ಳಿ ರಾಮಣ್ಣ ವೃತ್ತಿಯಲ್ಲಿ ಡಾಕ್ಟರಾಗಿದ್ದರು. ಮಾವ ಡಾಕ್ಟರಿಕೆ ಬಿಟ್ಟು ಕಥೆ ಕಟ್ಟುವುದನ್ನಷ್ಟೇ ಕಲಿತವನು.

"ಬೆಳಗ್ಗೆ ಎದ್ರೆ ಬೆರಳು ಮಡ್ಚಕ್ಕಾಗಕಿಲ್ಲ ಮಾವ, ಹಿಟ್ಟು ತೊಳಸಕ್ಕೂ ಆಯ್ತಿಲ್ಲ" ಎಂದಳು ಮೂವತ್ತೈದರ ಒಬ್ಬಾಕೆ.

"ಚಿಕೂನ್‌ಗುನ್ಯಾ ಬಾಕಿ ಕಣವ್ವ. ಬೆಳ್ಳುಳ್ಳಿ ಸುಟ್ಕೊಂಡು ತಿನ್ನು."

2006ರಲ್ಲಿ ಆ ಜ್ವರ ಕರ್ನಾಟಕದ ಉದ್ದಗಲಕ್ಕೂ ಹರಡಿ, ಕೆಲವರಿಗೆ ಕೀಲುನೋವು ತಿಂಗಳುಗಟ್ಟಲೆ ಉಳಿದದ್ದು ನಿಜ. ಈಕೆಗೆ ಆ ಜ್ವರ ಬಂದೇ ಇರಲಿಲ್ಲ. "ನಿಮ್ಮವ್ವಂಗೆ ಬಂದಿತ್ತಲ್ಲ!" ಎಂದ ಮಾವ.

ಎರಡೂ ಕೈಗಳ ಸಣ್ಣ ಕೀಲುಗಳು ಊದಿ, ಬೆಳಗಿನ ಬಿಗಿತ ಒಂದು ಗಂಟೆ ಕಳೆದರೂ ಬಿಡದೆ, ಹೀಗೇ ಆರು ವಾರ ದಾಟಿದರೆ ಡಾಕ್ಟರು ಅನುಮಾನಿಸುವುದು ರುಮಟಾಯ್ಡ್ ಸಂಧಿವಾತವನ್ನು. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಬೀಳುವ ಕಾಯಿಲೆ ಅದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ತಡವಾದರೆ ಸವೆದ ಕೀಲು ಮತ್ತೆ ಮೊದಲಿನಂತಾಗದು.

ಕಬ್ಬಿನ ಗದ್ದೆಯ ಬಿಸಿಲಿಗೆ ಹೋಗಿಬಂದರೆ ಮೂಗು, ಕೆನ್ನೆಯೆಲ್ಲ ಕೆಂಪಾಗುವ, ಕೂದಲು ಉದುರುವ, ಬಾಯಿಹುಣ್ಣು ಮರುಕಳಿಸುವ ಹುಡುಗಿಗೆ? ಉಷ್ಣ! ಮದ್ದೂರಿನ ಮಾರುಕಟ್ಟೆಯಷ್ಟು ಹತ್ತಿರದಲ್ಲಿ ಎಳನೀರಿರುವಾಗ ರೋಗನಿರೋಧಕ ಶಕ್ತಿಯೇ ಮೈಮೇಲೆ ಬೀಳುವ ಇನ್ನೊಂದು ಕಾಯಿಲೆ ಲೂಪಸ್‌ನ ಹೆಸರು ಯಾರಿಗೆ ಬೇಕು? ಅದು ಮೂತ್ರಪಿಂಡಕ್ಕೆ ಇಳಿದರೆ ಮೊದಮೊದಲು ನೋವೇ ಇರದು, ಮೂತ್ರ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಎಳನೀರು ಕುಡಿದು ಮೂತ್ರ ಸಲೀಸಾಗಿ ಹೋಯಿತೆಂದರೆ ಮಾವನ ಪಾಲಿಗೆ ಪರೀಕ್ಷೆ ಪಾಸು.

ಇನ್ನೊಬ್ಬ ಇಪ್ಪತ್ತೈದರ ಹುಡುಗ. ಸೊಂಟನೋವಿಗೆ ನಡುರಾತ್ರಿ ಎಚ್ಚರವಾಗುತ್ತದೆ, ಓಡಾಡಿದರೆ ಹಗುರ. ಮಾವ ತಿಂಗಳು ಅಲ್ಲಾಡದೆ ಮಲಗಲು ಹೇಳಿದ. ಇಂಥ ನೋವಿಗೆ ಡಾಕ್ಟರು ಅನುಮಾನಿಸುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತವನ್ನು; ಅದಿದ್ದವರಿಗೆ ವ್ಯಾಯಾಮವೇ ಔಷಧದ ಅರ್ಧಭಾಗ. ಮಾವ ಹುಡುಕಿ ಹುಡುಕಿ ತದ್ವಿರುದ್ಧವಾದದ್ದನ್ನೇ ಕೊಟ್ಟಿದ್ದ.

ಬೆರಳುನೋವಿನಾಕೆ ಕೊನೆಗೆ ಮಂಡ್ಯದ ದೊಡ್ಡಾಸ್ಪತ್ರೆಗೆ ಹೋದಳು. ರಕ್ತಪರೀಕ್ಷೆ ಆಯಿತು, ಮೆಥೊಟ್ರೆಕ್ಸೇಟ್ ಮಾತ್ರೆ ಬಂತು.

"ವಾರಕ್ಕೊಂದೇ ದಿನವಾ? ಜಿಪುಣ ಡಾಕ್ಟ್ರು. ದಿನಾ ನುಂಗು" ಎಂದ ಮಾವ. ಆ ಮಾತ್ರೆಯನ್ನು ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಅದೃಷ್ಟಕ್ಕೆ ಆಕೆ ಕೇಳಲಿಲ್ಲ. ಮೂರು ತಿಂಗಳಿಗೆ ಬೆರಳು ಸಡಿಲಗೊಂಡು ಹಿಟ್ಟು ತೊಳಸತೊಡಗಿದಳು.

ಬೆಳ್ಳುಳ್ಳಿ ಕೆಲವರ ಮೈಗೆ ತಡವಾಗಿ ಹತ್ತುತ್ತದೆ ಎಂದು ಮಾವ ಊರಿಗೆಲ್ಲ ವಿವರಿಸಿದ.