ಬೆಲ್ಟಿಗೊಂದು ಪಟ್ಟೆ

ಉಲ್ಹಾಸನಗರ, ಕ್ಯಾಂಪ್ 5. ಕೆಳಗೆ ಜೀನ್ಸ್ ಹೊಲಿಗೆ, ಮೇಲೆ ಕರಾಟೆ ಕ್ಲಾಸು. ಡೊಂಬಿವಲಿಯಿಂದ ಬಿಸಿನೆಸ್ ಕೋಚ್ ಬಂದಿದ್ದಾರೆ, ಬೂಟು ಬಿಚ್ಚದೆ ಮ್ಯಾಟ್ ಮೇಲೆ ನಿಂತಿದ್ದಾರೆ.

“ಮಾಸ್ತರ್ರೇ, ಎಷ್ಟು ಬಣ್ಣದ ಬೆಲ್ಟು?”

“ಏಳು ಸಾರ್.”

“ಸಾಲದು. ನಡುವೆ ಪಟ್ಟೆ ಹೊಲಿಸಿ, ಹದಿನಾಲ್ಕಾಗಲಿ. ಪಟ್ಟೆಪಟ್ಟೆಗೂ ಪರೀಕ್ಷೆ ಫೀಸು.”

“ಗುರು ಫುನಾಕೋಶಿ 1924ರಲ್ಲಿ ಮೊದಲ ಸಲ ಕರಾಟೆಗೆ ಬ್ಲ್ಯಾಕ್ ಬೆಲ್ಟ್ ಕೊಟ್ಟಾಗ ಬೆರಳೆಣಿಕೆ ಮಂದಿಗಷ್ಟೇ...”

“ಪಾಪ, ಅವರಿಗೆ ಕೋಚ್ ಇರಲಿಲ್ಲ. ಬೋರ್ಡಿನಲ್ಲಿ ‘ಒಲಿಂಪಿಕ್ ವಿದ್ಯೆ’ ಅಂತ ಬರೆಸಿ.”

“ಟೋಕಿಯೋ ಆದಮೇಲೆ ಪ್ಯಾರಿಸ್‌ನಲ್ಲಿ ತೆಗೆದುಹಾಕಿದರಲ್ಲ?”

“ಪೋಷಕರು ಪ್ಯಾರಿಸ್‌ಗೆ ಹೋಗ್ತಾರಾ?”

“ಸರ್ಟಿಫಿಕೇಟು ಜಪಾನಿನಿಂದ ತರಿಸಬೇಕೇ?”

“ನಕಲಿ ‘ಮೇಡ್ ಇನ್ ಯುಎಸ್‌ಎ’ ಮಾಲಿಗೆ ಹೆಸರಾದ ಊರಲ್ಲಿ ಕೂತು ಇದೆಂಥ ಪ್ರಶ್ನೆ!”

“ಮಗುವಿಗೆ ಒದೆಯೋದೇ ಬರದಿದ್ದರೆ?”

“ಅದಕ್ಕೇ ರಿನ್ಯೂವಲ್.”

“ನಿಮ್ಮ ಸಲಹೆ ಫಲಿಸದಿದ್ದರೆ?”

“ಅಡ್ವಾನ್ಸ್ಡ್ ಪ್ಯಾಕೇಜ್ ಇದೆ. ಜಿಎಸ್‌ಟಿ ಬೇರೆ.”