ವ್ಯಾಪ್ತಿಮೀಮಾಂಸೆ: ಬ್ರೂಕ್‌ಫೀಲ್ಡ್ ಪಾಠ

ಸೂತ್ರ: ‘ಇದು ನಮಗೆ ಬರೋದಿಲ್ಲ, ಅಲ್ಲಿ ವಿಚಾರಿಸಿ.’

ಭಾಷ್ಯ: ಸೂತ್ರಕಾರರು ಯಾರೆಂಬುದು ವಿವಾದಗ್ರಸ್ತ. ಪ್ರತಿ ಕಚೇರಿಯೂ ಪಕ್ಕದ ಕಚೇರಿಯವರೇ ಎನ್ನುತ್ತದೆ.

ಉದಾಹರಣೆಗೆ ಬೆಂಗಳೂರಿನ ಬ್ರೂಕ್‌ಫೀಲ್ಡ್ ಇರುವ ಮಹದೇವಪುರ ಕ್ಷೇತ್ರವನ್ನೇ ನೋಡೋಣ. ಮತದಾರರ ಜಾಗೃತಿಗೆಂದು ಬಿಬಿಎಂಪಿಯಿಂದ ಅನುಮತಿ ಪಡೆದ ಚಿಲುಮೆ ಎಂಬ ಸಂಸ್ಥೆಯವರು ಬೂತ್ ಮಟ್ಟದ ಅಧಿಕಾರಿಗಳ ಗುರುತಿನ ಚೀಟಿ ತೋರಿಸಿ ಜಾತಿ, ಮಾತೃಭಾಷೆ, ಆಧಾರ್, ಫೋನ್ ನಂಬರ್ ಎಲ್ಲ ಸಂಗ್ರಹಿಸಿದರೆಂಬ ಆರೋಪ 2022ರ ನವೆಂಬರಿನಲ್ಲಿ ಸುದ್ದಿಯಾಯಿತು. ಪಾಲಿಕೆ ಅನುಮತಿ ಹಿಂಪಡೆಯಿತು. ಕಾಡುಗೋಡಿ, ಹಲಸೂರು ಗೇಟ್ ಠಾಣೆಗಳಲ್ಲಿ ಎಫ್‌ಐಆರ್ ಆದವು. ಚುನಾವಣಾ ಆಯೋಗ ಇಬ್ಬರು ಅಧಿಕಾರಿಗಳ ಅಮಾನತಿಗೂ ಮೂರು ಕ್ಷೇತ್ರಗಳ ಮತದಾರರ ಪಟ್ಟಿಯ ಮರುಪರಿಶೀಲನೆಗೂ ಆದೇಶಿಸಿತು. ಪಟ್ಟಿ ಆಯೋಗದ ಪಾಲು, ವಂಚನೆ ಪೊಲೀಸರ ಪಾಲು, ಪರವಾನಗಿ ಪಾಲಿಕೆಯ ಪಾಲು. ಹೊಸಿಲಲ್ಲಿ ನಿಂತು ಒಪ್ಪಿಸಿದ ಜಾತಿ, ನಂಬರು ಯಾರ ಪಾಲು? ಅದನ್ನು ಕಾಯಬೇಕಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು ಅದೇ ವಾರ, ನವೆಂಬರ್ 18ಕ್ಕೆ, ಇನ್ನೂ ಕರಡಾಗಿ ಹೊರಬಂತು. ಮುಹೂರ್ತವಿಟ್ಟವರಿಗೆ ನಮಸ್ಕಾರ.

ಪೂರ್ವಪಕ್ಷ: ಈಗ ಕಾಯ್ದೆಯಿದೆಯಲ್ಲ?

ಸಮಾಧಾನ: ಇದೆ. ಅದರ ಹಿಂದಿನ ರೂಪವಾದ 2019ರ ಮಸೂದೆಯಲ್ಲಿ 56ನೇ ಕಲಮೊಂದಿತ್ತು: ಒಂದೇ ವಿಷಯದ ಮೇಲೆ ಇನ್ನೊಬ್ಬ ನಿಯಂತ್ರಕರಿಗೂ ಅಧಿಕಾರವಿದ್ದರೆ ಕ್ರಮಕ್ಕೆ ಮುಂಚೆ ಅವರೊಂದಿಗೆ ಸಮಾಲೋಚಿಸತಕ್ಕದ್ದು. 2023ರ ಕಾಯ್ದೆಯಲ್ಲಿ ಆ ಕಲಮು ಮಾಯ. ಹೀಗಾಗಿ ಟೆಕ್ ಪಾರ್ಕಿನ ಕಂಪನಿಯಲ್ಲಿ ದತ್ತಾಂಶ ಸೋರಿದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ವರದಿ. 2025ರ ನಿಯಮಗಳ ಪ್ರಕಾರ ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರ. ಬ್ಯಾಂಕಾದರೆ ರಿಸರ್ವ್ ಬ್ಯಾಂಕಿಗೂ ಬೇರೆ. ಒಂದೇ ತಿಥಿಗೆ ಮೂವರು ಪುರೋಹಿತರು, ಮೂರು ಸಂಕಲ್ಪ.

ಪ್ರಯೋಗ: ಎಇಸಿಎಸ್ ಲೇಔಟಿನ ಗೃಹಿಣಿಯೊಬ್ಬರು. ‘ಮೇಡಂ, ವರ್ತೂರಲ್ಲಿ ಟೂ ಬಿಎಚ್‌ಕೆ ನೋಡ್ತೀರಾ?’ ಎಂಬ ಕರೆಗೆ ಬೇಸತ್ತು ಸಹಾಯವಾಣಿಯೊಂದಕ್ಕೆ ಫೋನ್ ಮಾಡುತ್ತಾರೆ.

‘ದುಡ್ಡು ಹೋಗಿದೆಯಾ ಮೇಡಂ?’

‘ಇಲ್ಲ, ನನ್ನ ನಂಬರ್ ಹೋಗಿದೆ.’

‘ಹಾಗಾದ್ರೆ ನಮಗೆ ಬರೋದಿಲ್ಲ.’

ಪಾಲಿಕೆಯನ್ನೇ ಕೇಳೋಣವೆಂದರೆ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯೇ ಇಲ್ಲ. ಬ್ರೂಕ್‌ಫೀಲ್ಡ್ ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ‘ಅಲ್ಲಿ’ ಎಂದರೆ ಎಲ್ಲಿ ಎಂಬುದಕ್ಕೆ ಕೊನೆಗೂ ಒಂದು ದಿಕ್ಕು ಸಿಕ್ಕಿತು. ಮಂಡಳಿಯೋ, ಕಾಯ್ದೆಯ ಪ್ರಕಾರವೇ ಡಿಜಿಟಲ್ ಕಚೇರಿ, ತಟ್ಟಲು ಬಾಗಿಲಿಲ್ಲ.

ಫಲಶ್ರುತಿ: ದತ್ತಾಂಶ ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟ ನಾಗರಿಕರಿಗೆ 10,000 ರೂಪಾಯಿವರೆಗೆ. ಇವೆರಡರಲ್ಲಿ ಮೊದಲು ವಸೂಲಾಗುವುದು ಯಾವುದೆಂಬುದನ್ನು ಶಿಷ್ಯರ ಊಹೆಗೆ ಬಿಡಲಾಗಿದೆ.